ನಾಣ್ಯಕ್ಕೆ ಮುಲಾಜಿಲ್ಲ

ಕುಷಾಯಿಗೂಡ, ಹೈದರಾಬಾದ್
ಭಾನುವಾರ, 9 ಫೆಬ್ರುವರಿ 2025

ಪ್ರೀತಿಯ ತಮ್ಮ ಚನ್ನೂ,

ನಿನ್ನ ಅಣ್ಣ ಬೂದೆಪ್ಪನ ಆಶೀರ್ವಾದಗಳು. ನೀನು, ದಾನೇಶ್ವರಿ, ಕೂಸು ಲಹರಿ ಮೂವರೂ ಆರಾಮಾಗಿದ್ದೀರಿ ಎಂದುಕೊಂಡೇ ಬರೆಯಲು ಕುಳಿತಿದ್ದೇನೆ. ಸೊಲ್ಲಾಪುರದ ನೀರು ಕೂಸಿಗೆ ಹಿಡಿಸಿತೇ? ಹೋಗುವಾಗ ಅದಕ್ಕೆ ಕೆಮ್ಮಿತ್ತು. ನಿನ್ನ ಮೊಣಕಾಲು ಹೇಗಿದೆ? ಗಾದಿಯ ತುಂಡು ಕಟ್ಟಿಕೊಂಡು ಕೂಡು ಎಂದು ಸಾವಿರ ಸಲ ಹೇಳಿದ್ದೇನೆ, ಅಲ್ಲಿಯೂ ಕಟ್ಟಿಕೊಂಡಿರಲಿಕ್ಕಿಲ್ಲ. ಇಲ್ಲಿ ನಾವು ನೆಟ್ಟಗಿದ್ದೇವೆ. ನನ್ನ ಮನೆಯವಳು, ನಿನ್ನ ವೈನಿ ಸುಗಲಮ್ಮನಿಗೆ ಸಕ್ಕರೆ ಕಾಯಿಲೆ ಅಂದರು ಡಾಕ್ಟರು. ಚಹಾಕ್ಕೆ ಸಕ್ಕರೆ ಬಿಟ್ಟಿದ್ದಾಳೆ, ಬೆಲ್ಲ ಹಾಕಿಕೊಳ್ಳುತ್ತಾಳೆ. ಅದಕ್ಕೇನು ಹೇಳುವುದು! ನನ್ನ ಬಲಗೈಯ ತೋರುಬೆರಳು, ಕಟರ್ ಮಷೀನಿಗೆ ಸಿಕ್ಕು ತುದಿ ಹೋಯಿತಲ್ಲ, ಅದು ಥಂಡಿಯ ದಿನಗಳಲ್ಲಿ ಇನ್ನೂ ಜುಮುಜುಮು ಎನ್ನುತ್ತದೆ. ಆವತ್ತು ನಿನ್ನ ಹೊಸ ಅಂಗಿ ಹರಿದು ಆ ಬೆರಳಿಗೆ ಸುತ್ತಿ ಆಟೋದಲ್ಲಿ ಕೂಡಿಸಿಕೊಂಡು ಓಡಿದವನು ನೀನೇ. ಬೆರಳು ನೋವು ಕೊಟ್ಟಾಗಲೆಲ್ಲ ಆ ಅಂಗಿಯ ಬಣ್ಣ ನೆನಪಾಗುತ್ತದೆ.

ಈ ಕಾಲದಲ್ಲಿ ಕಾಗದ ಬರೆಯುತ್ತಾನೆ, ಇವನಿಗೇನಾಗಿದೆ ಎಂದು ನಗಬೇಡ. ನಮ್ಮ ಮೂವರ ನಂಬರನ್ನೂ ನೀನು ಬ್ಲಾಕ್ ಮಾಡಿದ್ದೀ. ಗಂಗಾ ತನ್ನ ಕಾಲೇಜಿನ ಗೆಳತಿಯ ಫೋನಿನಿಂದ ಮಾಡಿದಳು. ಕಾಕಾ ಎನ್ನುವ ಹೊತ್ತಿಗೆ ಅದನ್ನೂ ಬ್ಲಾಕ್ ಮಾಡಿದಿ. ಪೋಸ್ಟಿನವನನ್ನು ಹಾಗೆ ಮಾಡಲು ಬರುವುದಿಲ್ಲ ಎಂಬ ಧೈರ್ಯದ ಮೇಲೆ ದಾನೇಶ್ವರಿಯ ತವರಿನಿಂದ ಅಡ್ರೆಸ್ಸು ತರಿಸಿದೆ. ಕಾಗದದಲ್ಲಿ ಮನೆಮಾತು ಬರೆಯಬಾರದು ಎಂದು ಶಹಾಪುರದ ಸಾಲೆಯಲ್ಲಿ ಮಾಸ್ತರರು ಬೆತ್ತ ಹಿಡಿದು ಕಲಿಸಿದ್ದರು, ಅದಕ್ಕೇ ಈ ಪುಸ್ತಕದ ಕನ್ನಡ. ಏಳನೆಯ ತರಗತಿಗೆ ಸಾಲೆ ಬಿಟ್ಟವನ ಕೈ, ತಪ್ಪಿದ್ದರೆ ತಿದ್ದಿಕೊಂಡು ಓದು.

ಮೊದಲು ನನ್ನ ವಿಡಿಯೊ ಪೇಜಿನ ಸುದ್ದಿ ಹೇಳಿಬಿಡುತ್ತೇನೆ, ಏಕೆಂದರೆ ನಿನ್ನ ಸಿಟ್ಟು ಅದರ ಮೇಲೆಯೇ. ಅದು ಶುರುವಾದದ್ದು ನಿನ್ನ ಕಣ್ಣ ಮುಂದೆ. ಗಂಗಾ ನಾರಾಯಣಗೂಡದ ಕಾಲೇಜಿಗೆ ಸೇರಿದ ವರ್ಷ, ನಾನು ಒಂದು ಮನೆಯ ಟೈಲ್ಸ್ ನೆಲಕ್ಕೆ ಅಪ್ಪನ ಹಳೆಯ ದಪ್ಪ ರೂಪಾಯಿ ನಾಣ್ಯ ಬಡಿದು ಎಲ್ಲಿ ಗಟ್ಟಿ, ಎಲ್ಲಿ ಕೆಳಗೆ ಪೊಳ್ಳು ಎಂದು ಮಾಲೀಕರಿಗೆ ತೋರಿಸುತ್ತಿದ್ದೆ. ಅವಳು ಸುಮ್ಮನೆ ಫೋನಿನಲ್ಲಿ ಹಿಡಿದು ಹಾಕಿದಳು. ಅಪ್ಪ ಫರ್ಸಿ ಕಲ್ಲು ಹಾಸುವಾಗ ಮಾಡುತ್ತಿದ್ದದ್ದನ್ನೇ ನಾನು ಮಾಡಿದ್ದು. ನಾವಿಬ್ಬರೂ ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. ಆದರೆ ಜನ ಅದನ್ನು ಮೊದಲ ಸಲ ಕೇಳಿದವರಂತೆ ನೋಡಿದರು. ಆಮೇಲೆ ಗಂಗಾ ನನ್ನನ್ನು ಕೂಡಿಸಿಕೊಂಡು ಪಾಠ ಮಾಡಿದಳು. ಅಪ್ಪಾ, ನೀನು ಈಗ ಬರೀ ಮೇಸ್ತ್ರಿ ಅಲ್ಲ, ನೀನೊಂದು ಬ್ರ್ಯಾಂಡು ಎಂದಳು. ಬ್ರ್ಯಾಂಡು ಎನ್ನುವುದು ಸಿಮೆಂಟಿನ ಚೀಲದ ಮೇಲೆ ಇರುತ್ತದೆ ಎಂದು ತಿಳಿದಿದ್ದವನು ನಾನು. ದಿನಾ ಅದೇ ಹಳದಿ ರುಮಾಲು ಸುತ್ತಬೇಕು, ಶುರುವಿನಲ್ಲಿ ಅದೇ ಮಾತು ಹೇಳಬೇಕು, ವಾರಕ್ಕೆ ಮೂರು ವಿಡಿಯೊ ತಪ್ಪಬಾರದು, ಕೇಳಿದವರಿಗೆಲ್ಲ ಉತ್ತರ ಕೊಡಬೇಕು, ತುಂಡು ಬೆರಳು ಕಾಣುವ ಹಾಗೆ ನಾಣ್ಯ ಹಿಡಿಯಬೇಕು, ಏಕೆಂದರೆ ಜನರಿಗೆ ಅದು ನೆನಪಿರುತ್ತದೆ. ನೀನು ಆಗ ಸಿಮೆಂಟಿನ ಮಾಲು ಕಲಸುತ್ತ ಕೂತಲ್ಲಿಂದಲೇ ನಕ್ಕಿದ್ದಿ. ಆ ಶುರುವಿನ ಮಾತನ್ನು ಕಟ್ಟಿಕೊಟ್ಟವನೂ ನೀನೇ. ಮಾಲೀಕನೊಬ್ಬ ಅದು ತನ್ನ ಅಳಿಯನ ಕೆಲಸ, ಪೊಳ್ಳು ಎಂದು ಹೇಳಬೇಡಿ ಎಂದು ಗೋಗರೆದಾಗ ನೀನು "ನಾಣ್ಯಕ್ಕ ಯಾರ ಮುಲಾಜೂ ಇಲ್ರಿ" ಅಂದಿದ್ದಿ. ಗಂಗಾ ಅದನ್ನು ಹಿಡಿದುಕೊಂಡಳು, ನನ್ನ ಬಾಯಲ್ಲಿ ಹಾಕಿದಳು. ಇವತ್ತು ಶಂಶಾಬಾದಿನ ಟೈಲ್ಸ್ ಅಂಗಡಿಗೆ ಹೋದರೂ ತೆಲುಗರ ಹುಡುಗರು ನನ್ನನ್ನು ನೋಡಿ ಕನ್ನಡದಲ್ಲಿ ಆ ಮಾತು ಹೇಳಿ ನಗುತ್ತಾರೆ. ನಿನ್ನ ಮಾತು ಅದು ಎಂದು ನಾನು ಒಂದು ದಿನವೂ ಯಾರಿಗೂ ಹೇಳಿಲ್ಲ.

ಇನ್ನು ಕಳೆದ ವರ್ಷದ ಮಾರ್ಚಿನ ಮಾತು. ವಿಶಾಲಾಕ್ಷಿ ಅಮ್ಮಾವರ ಮನೆಯದು. ಯಜಮಾನರು ಇಲ್ಲಿಯ ಸರಕಾರಿ ಕಾರ್ಖಾನೆಯಲ್ಲಿದ್ದು ರಿಟೈರ್ ಆದವರು, ಮೈಸೂರಿನ ಕಡೆಯ ಜನ, ನನ್ನ ವಿಡಿಯೊ ನೋಡಿ ಕನ್ನಡದವನು ಎಂದು ಹುಡುಕಿ ಕರೆಸಿದ್ದರು. ಬಿಲ್ಡಿಂಗ್ ನೋಡಿದ ಕೂಡಲೇ ನನಗೆ ಗುರುತು ಹತ್ತಿತು, ನಾವಿಬ್ಬರೇ ನೆಲ ಹಾಕಿದ್ದು. ಮೂರನೆಯ ಮಹಡಿ ನಿನ್ನದು, ನಾಲ್ಕನೆಯದು ನನ್ನದು ಎಂದು ಹಂಚಿಕೊಂಡಿದ್ದೆವು. ಅಮ್ಮಾವರ ಮನೆ ಮೂರನೆಯದು. ಗಂಗಾ ಲೈವ್ ಹಚ್ಚಿದಳು. ಹೊರಗಿನ ಹಾಲ್, ಅಡಿಗೆಮನೆ ಎಲ್ಲ ಗಟ್ಟಿ. ನಡುವಿನ ಬೆಡ್‌ರೂಮಿಗೆ ಬಂದರೆ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಡಬಡಬ ಎನ್ನುತ್ತಿತ್ತು. ಹೊರಗೆ ಹೋಗಿ ನಿನಗೊಂದು ಫೋನು ಮಾಡಬಹುದಿತ್ತು. ಲೈವ್ ನಿಲ್ಲಿಸು ಎಂದು ಗಂಗಾಗೆ ಸನ್ನೆ ಮಾಡಬಹುದಿತ್ತು. ನಾಲ್ಕು ಸಾವಿರ ಜನ ನೋಡುತ್ತಿದ್ದಾರೆ ಅಪ್ಪಾ ಎಂದು ಅವಳು ಬೆರಳು ಎತ್ತಿ ತೋರಿಸಿದಳು, ನನಗೆ ಹುಮ್ಮಸ್ಸು ಬಂತು. ನಾನು ಹೇಳಿದ್ದು ನಿನಗೆ ಬಾಯಿಪಾಠ ಇರಬೇಕು, ಆದರೂ ಬರೆಯುತ್ತೇನೆ. "ಇದು ಯಾರ ಕೆಲಸ ಅಂತ ನನಗ ಗೊತ್ತೈತ್ರಿ. ನನ್ನ ಸ್ವಂತ ತಮ್ಮ ಚನ್ನೂಂದು. ತಮ್ಮ ಅಂತ ಮುಚ್ಚಿಡಾಕ ಬರಂಗಿಲ್ಲ. ನಾಣ್ಯಕ್ಕ ಯಾರ ಮುಲಾಜೂ ಇಲ್ರಿ."

ಅದು ಎಲ್ಲೆಲ್ಲಿ ಹರಿದಾಡಿತು ಎಂದು ನಿನಗೂ ಗೊತ್ತು. ಒಡಹುಟ್ಟಿದವನನ್ನೂ ಬಿಡದ ಮೇಸ್ತ್ರಿ ಎಂದು ಜನ ನನ್ನನ್ನು ಹೊತ್ತು ಮೆರೆಸಿದರು. ಪೇಜು ಹತ್ತು ಪಟ್ಟು ಬೆಳೆಯಿತು. ಆ ಬಿಲ್ಡರು ಮರುವಾರವೇ ನಿನ್ನನ್ನು ಸೈಟಿನಿಂದ ತೆಗೆದ. ಬೇರೆಯವರೂ ನಿನ್ನನ್ನು ಕರೆಯಲಿಲ್ಲ, ವಿಡಿಯೊದಲ್ಲಿ ಬಂದವನಲ್ಲವೇ ನೀನು ಎಂದು ಕೇಳಿದರಂತೆ. ಹೋಗುವ ದಿನ ನೀನು ಬಾಗಿಲಲ್ಲಿ ನಿಂತು ಜಗಳ ತೆಗೆಯುತ್ತೀ ಎಂದು ನಾನು ಸಜ್ಜಾಗಿದ್ದೆ. ಬೈದರೆ ತಿರುಗಿ ಬೈಯಲು ಮಾತು ಜೋಡಿಸಿಕೊಂಡಿದ್ದೆ. ನೀನು ಬೈಯಲಿಲ್ಲ. "ಅಣ್ಣಾ, ನೀ ಟೈಲ್ಸ್ ಬಡದು ನೋಡಿದಿ. ನನ್ನ ಒಂದ್ ಮಾತು ಕೇಳಲಿಲ್ಲ" ಎಂದು ಚೀಲ ಎತ್ತಿಕೊಂಡಿ. ನಿನ್ನ ವೈನಿ ಬಸ್‌ಸ್ಟ್ಯಾಂಡಿನವರೆಗೆ ಬಂದಳು. ನಾನು ಬರಲಿಲ್ಲ. ಕೆಲಸ ಕೆಡಿಸಿದವನು ಅವನು, ನಾನೇಕೆ ಮುಖ ಸಣ್ಣದು ಮಾಡಿಕೊಳ್ಳಲಿ ಎಂದು ಸಿಟ್ಟಿನಲ್ಲೇ ಕೂತಿದ್ದೆ.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಮೂರು ವಾರದ ಹಿಂದೆ ವಿಶಾಲಾಕ್ಷಿ ಅಮ್ಮಾವರು ಫೋನು ಮಾಡಿದರು. ಬಿಲ್ಡರು ಇಂದು ನಾಳೆ ಎನ್ನುತ್ತ ಏನೂ ಮಾಡಿರಲಿಲ್ಲ, ಈಗ ಆ ಬೆಡ್‌ರೂಮಿನಲ್ಲಿ ಎರಡು ಟೈಲ್ಸು ಗುಡಾರದ ಹಾಗೆ ಎದ್ದು ನಿಂತಿವೆ, ನೀವೇ ಕಿತ್ತು ಹೊಸದಾಗಿ ಹಾಕಿಕೊಡಿ ಎಂದರು. ಗಂಗಾಗೆ ಪರೀಕ್ಷೆ ಇತ್ತು, ನಾನೊಬ್ಬನೇ ಹೋದೆ. ಎದ್ದು ನಿಂತ ಎರಡನ್ನು ತೆಗೆದೆ. ಕೆಳಗೆ ಮಾಲು ಪುಡಿಪುಡಿ, ರವೆಯ ಹಾಗೆ ಉದುರುತ್ತಿತ್ತು. ನಿನ್ನನ್ನು ಮನಸ್ಸಿನಲ್ಲೇ ಬೈದೆ, ಸುಳ್ಳು ಯಾಕೆ ಹೇಳಲಿ. ಒಂದೊಂದೇ ಕೀಳುತ್ತ ಮೂಡಲ ಮೂಲೆಗೆ ಬಂದೆ. ಮೊದಲ ಟೈಲ್ಸು ಅಲ್ಲಿಯದೇ ಎಂದು ನಿನಗೆ ಹೇಳಬೇಕಿಲ್ಲ. ಯಾವ ಖೋಲಿಯಾದರೂ ಮೂಡಲ ಮೂಲೆಯಿಂದ ಶುರು ಮಾಡಬೇಕು, ಮೊದಲ ಕಲ್ಲಿನ ಬೆನ್ನಿಗೆ ವಿಭೂತಿ ಹಚ್ಚಿದ ಹಾಗೆ ಮೂರು ಬೆರಳಿನಿಂದ ಗೆರೆ ಎಳೆಯಬೇಕು ಎಂದು ಅಪ್ಪ ಕಲಿಸಿದ್ದು. ಅಪ್ಪ ಸುಣ್ಣದಲ್ಲಿ ಎಳೆಯುತ್ತಿದ್ದ, ನಾವು ಬಿಳಿ ಸಿಮೆಂಟಿನಲ್ಲಿ ಎಳೆಯುತ್ತೇವೆ. ಆ ಟೈಲ್ಸು ಇಡಿಯಾಗಿ ಕೈಗೆ ಬಂತು. ತಿರುವಿ ನೋಡಿದೆ. ಕೆಳಗಿನ ಎರಡು ಗೆರೆ ಉದ್ದಕ್ಕೆ, ದಪ್ಪಗೆ ಇದ್ದವು. ಮೇಲಿನ ಗೆರೆ ಅರ್ಧಕ್ಕೇ ನಿಂತಿತ್ತು.

ನಿನ್ನ ಕೈಯಲ್ಲಿ ಐದೂ ಬೆರಳು ನೆಟ್ಟಗಿವೆ ಚನ್ನೂ. ಆ ಗೆರೆ ನನ್ನದು.

ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಗಿಡ್ಡ ಗೆರೆಯ ಮೇಲೆ ನನ್ನ ತುಂಡು ಬೆರಳು ಇಟ್ಟು ನೋಡಿದೆ. ಅಮ್ಮಾವರು ಚಹಾ ತಂದವರು ಏನಾಯಿತು ಮೇಸ್ತ್ರಿ ಎಂದು ಕೇಳಿದರು. ಬೆನ್ನು ಹಿಡಿದಿದೆ ಎಂದೆ. ಆಗ ಒಂದೊಂದಾಗಿ ನೆನಪಾಯಿತು. ದಾನೇಶ್ವರಿಗೆ ನೋವು ಶುರುವಾಗಿ ನೀನು ಕೆಲಸ ಬಿಟ್ಟು ದವಾಖಾನೆಗೆ ಓಡಿದ್ದಿ, ಬಿಲ್ಡರು ಅವಸರ ಮಾಡುತ್ತಾನೆ ಎಂದು ನಿನ್ನ ಮಹಡಿಯ ಒಂದು ಖೋಲಿಯನ್ನು ನಾನು ಹಾಕಿದ್ದೆ. ಲಹರಿ ಹುಟ್ಟಿದ ದಿನ ಅದು. ಮನೆಗೆ ಬಂದು ಪೇಜಿನಲ್ಲಿ ಹಿಂದೆ ಹಿಂದೆ ಹೋಗಿ ಆ ತಾರೀಖಿಗೆ ಏನಿದೆ ಎಂದು ಹುಡುಕಿದೆ. ಅದೇ ದಿನ ಪಕ್ಕದ ಖೋಲಿಯಲ್ಲಿ ನಾವು ಒಂದು ವಿಡಿಯೊ ಮಾಡಿದ್ದೆವು. ಯಾವುದರ ಬಗ್ಗೆ ಗೊತ್ತೇ? ಕಲಸಿದ ಮಾಲನ್ನು ಹಾಗೇ ಬಿಟ್ಟು ಒಣಗಿಸಬಾರದು, ಒಣಗಿದ ಮೇಲೆ ನೀರು ಚಿಮುಕಿಸಿ ಟೈಲ್ಸು ಕೂಡಿಸುವವನು ಕಳ್ಳ ಎಂದು. ಬೆಳಕು ಸರಿಯಿಲ್ಲ, ರುಮಾಲು ವಾರೆಯಾಗಿದೆ, ಮಾತು ತಡವರಿಸಿತು ಎಂದು ಗಂಗಾ ಏಳು ಸಲ ತೆಗೆಸಿದಳು. ಆ ಹೊತ್ತಿನಲ್ಲಿ ಬೆಡ್‌ರೂಮಿನಲ್ಲಿ ನಾನು ಹರವಿ ಬಂದಿದ್ದ ಮಾಲು ಒಣಗುತ್ತಿತ್ತು. ವಾಪಸು ಹೋಗಿ ನೀರು ಚಿಮುಕಿಸಿ ಕೂಡಿಸಿದೆ. ಬೇಗ ಮುಗಿಸಿ ಕೂಸಿನ ಮುಖ ನೋಡಲು ಬರುವ ಅವಸರವಿತ್ತು. ಇದೆಲ್ಲ ಆಮೇಲೆ ನನ್ನ ತಲೆಯಿಂದ ಹೋಗಿಯೇ ಬಿಟ್ಟಿತ್ತು, ಅಪ್ಪನ ಆಣೆಗೂ ನೆನಪಿರಲಿಲ್ಲ. ಆ ವಿಡಿಯೊ ನೋಡಿ ಇವತ್ತಿಗೂ ಜನ ಕೈ ಮುಗಿಯುವ ಚಿತ್ರ ಹಾಕುತ್ತಾರೆ.

ಅಮ್ಮಾವರ ಖೋಲಿಯನ್ನು ಹೊಸದಾಗಿ ಹಾಕಿಕೊಟ್ಟೆ. ಬೇಕಾದರೆ ಬಂದು ಬಡಿದು ನೋಡು, ಒಂದು ಕಡೆ ಪೊಳ್ಳಿಲ್ಲ. ಆದರೆ ಆ ಹಳೆಯ ಟೈಲ್ಸನ್ನು ಗೋಣಿಚೀಲದಲ್ಲಿ ಸುತ್ತಿ ತಂದು ಮಂಚದ ಕೆಳಗೆ ಇಟ್ಟಿದ್ದೇನೆ. ಗಂಗಾಗೆ ಹೇಳಿಲ್ಲ. ಸುಗಲಮ್ಮನಿಗೂ ಹೇಳಿಲ್ಲ. ಲೋಕದಲ್ಲಿ ಮೊದಲು ಹೇಳುತ್ತಿರುವುದು ನಿನಗೆ.

ಯಾಕೆ ಹೇಳಿಲ್ಲ ಎಂದರೆ ಅದಕ್ಕೂ ಕಾರಣವಿದೆ. ಟೈಲ್ಸಿನ ಅಂಟು ಮಾಡುವ ಒಂದು ಕಂಪನಿಯವರು ಬಂದಿದ್ದಾರೆ. ಅವರ ಕಡೆಯ ಆನಂದಕುಮಾರ ಎಂಬವರು ಎರಡು ಸಲ ಮನೆಗೆ ಬಂದು ರೊಟ್ಟಿ ಉಂಡು ಹೋದರು. ಚೀಲದ ಮೇಲೆ ನನ್ನ ಮುಖ ಹಾಕುತ್ತಾರಂತೆ, ಹಳದಿ ರುಮಾಲು, ತುಂಡು ಬೆರಳು, ನಾಣ್ಯ, ಕೆಳಗೆ ಆ ಮಾತು. ಆಂಧ್ರ, ತೆಲಂಗಾಣ, ನಮ್ಮ ಕಡೆ ಎಲ್ಲ ಹೋಗುವ ಚೀಲ. ಬರುವ ಇಪ್ಪತ್ತನಾಲ್ಕಕ್ಕೆ ಸಹಿ. ನಿಮ್ಮಲ್ಲಿ ನಮಗೆ ಹಿಡಿಸಿದ್ದು ಆ ತಮ್ಮನ ವಿಡಿಯೊ ಮೇಸ್ತ್ರಿ, ನಂಬಿಕೆ ಎಂದರೆ ಅದು ಎಂದು ಅವರು ನನ್ನ ಬೆನ್ನು ತಟ್ಟಿದಾಗ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ನಿಜ ಮಾತ್ರ ಹೇಳಲಿಲ್ಲ. ಮೂವತ್ತು ವರ್ಷ ಜನರ ಮನೆಯ ನೆಲದ ಮೇಲೆ ಮಂಡಿಯೂರಿದೆ, ಒಬ್ಬರೂ ಹೆಸರು ಕೇಳಲಿಲ್ಲ. ಎಲ್ಲ ಕಡೆ ಏ ಮೇಸ್ತ್ರಿ. ಈಗ ಬೂದೆಪ್ಪಗಾರು ಎಂದು ಕುರ್ಚಿ ಹಾಕುತ್ತಾರೆ. ಕುರ್ಚಿಯ ರುಚಿ ಹತ್ತಿದೆ ನನಗೆ, ನಿನ್ನ ಮುಂದೆ ಮುಚ್ಚಿಡುವುದೇನು.

ಅದಕ್ಕೆ ನಾನು ಹೀಗೆ ಯೋಚಿಸಿದ್ದೇನೆ. ಸಹಿ ಒಂದು ಆಗಲಿ. ಆಮೇಲೆ ಆ ಹಳೆಯ ವಿಡಿಯೊವನ್ನು ಸದ್ದಿಲ್ಲದೆ ತೆಗೆಸಿಬಿಡುತ್ತೇನೆ. ಸಮಯ ನೋಡಿ, ಮುಂದೆ ಯಾವಾಗಲಾದರೂ, ತಪ್ಪು ತಿಳುವಳಿಕೆ ಆಗಿತ್ತು ಎಂದು ನಾಲ್ಕು ಮಾತು ಹೇಳಿದರಾಯಿತು. ನೀನು ಸಂಸಾರ ಕರೆದುಕೊಂಡು ಬಂದುಬಿಡು. ನನಗೆ ಈಗ ವಿಡಿಯೊ, ಮೀಟಿಂಗು ಎಂದು ಸೈಟಿಗೆ ಹೋಗಲು ಹೊತ್ತು ಸಾಲುವುದಿಲ್ಲ, ಎಲ್ಲ ಕೆಲಸವನ್ನೂ ನೀನೇ ನೋಡಿಕೊ. ಮೊದಲಿನ ಖೋಲಿ ಖಾಲಿಯೇ ಇದೆ, ನಿನ್ನ ವೈನಿ ವಾರಕ್ಕೊಮ್ಮೆ ಕಸ ಹೊಡೆಯುತ್ತಾಳೆ. ಈ ಕಾಗದವನ್ನು ಓದಿದ ಮೇಲೆ ಹರಿದುಹಾಕು. ಯಾರ ಕೈಗಾದರೂ ಸಿಕ್ಕು ಫೋಟೊ ತೆಗೆದು ಹಾಕಿದರೆ ಕಷ್ಟ.

ದಾನೇಶ್ವರಿಗೆ ನನ್ನ ಆಶೀರ್ವಾದ ಹೇಳು. ಕೂಸಿನ ಎರಡನೆಯ ಹುಟ್ಟಿದ ದಿನಕ್ಕೆ ನಿನ್ನ ವೈನಿ ಹೊಲಿಸಿದ ಲಂಗ ಇಲ್ಲೇ ಪೆಟ್ಟಿಗೆಯಲ್ಲಿದೆ, ಬೇಗ ಬರದಿದ್ದರೆ ಗಿಡ್ಡಾಗುತ್ತದೆ. ಗಂಗಾ ಕಾಕಾನಿಗೆ ನಮಸ್ಕಾರ ಬರೆ ಎಂದು ಈಗಷ್ಟೇ ಕೂಗಿ ಹೇಳಿದಳು. ದೇವರು ನಿಮ್ಮನ್ನು ತಂಪಾಗಿ ಇಟ್ಟಿರಲಿ.

ಇಂತಿ ನಿನ್ನ ಅಣ್ಣ,
ಬೂದೆಪ್ಪ

ತಾ. ಕ.: ಕವರಿಗೆ ಹಾಕುವಷ್ಟರಲ್ಲಿ ಸುಗಲಮ್ಮ ಏನು ಬರೆದಿ, ಓದಿ ಹೇಳು ಎಂದು ಕೂತಳು. ಎಂದಿದ್ದರೂ ಗೊತ್ತಾಗಬೇಕಾದದ್ದೇ ಎಂದು ಪೂರ್ತಿ ಓದಿದೆ. ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. "ಅಂವಗ ಮೊದಲಿಂದನೂ ಗೊತ್ತೈತ್ರಿ" ಅಂದಳು. ಬಸ್‌ಸ್ಟ್ಯಾಂಡಿನಲ್ಲಿ ದಾನೇಶ್ವರಿ ಅತ್ತುಕೊಂಡು ಹೇಳಿದ್ದಳಂತೆ. "ಆ ಖೋಲಿ ಭಾವಾರ ಹಾಕಿದ್ದು, ಅಕ್ಕಾ. ನಾ ದವಾಖಾನ್ಯಾಗ ಇದ್ದೆ. ಅಣ್ಣಗ ಈಗರ ಹೆಸರು ಬಂದೈತಿ, ಇರ್ಲಿ ಬಿಡು ಅಂತ ಇವರು ಕೂಸಿನ ಮ್ಯಾಲ ಆಣಿ ಮಾಡಿಸ್ಯಾರ. ನೀನೂ ಹೇಳಬ್ಯಾಡ." ಹನ್ನೊಂದು ತಿಂಗಳು ನಿನ್ನ ವೈನಿ ನನಗೆ ಹಾಗೆಯೇ ರೊಟ್ಟಿ ಬಡಿದು ಹಾಕಿದ್ದಾಳೆ.

ರುಮಾಲು ಸುತ್ತಲಿಲ್ಲ. ಮಂಚದ ಕೆಳಗಿನ ಟೈಲ್ಸು ಎಳೆದುಕೊಂಡು ಗಂಗಾಗೆ ಲೈವ್ ಹಚ್ಚು ಅಂದೆ. ಗೆರೆ ತೋರಿಸಿದೆ, ಪಕ್ಕದಲ್ಲಿ ಬೆರಳಿಟ್ಟು ತೋರಿಸಿದೆ. ತಮ್ಮನ ಕೆಲಸ ಎಂದಿದ್ದೆನಲ್ಲ, ಅದು ನನ್ನ ಕೆಲಸ, ವಿಡಿಯೊ ಮಾಡುತ್ತ ಮಾಲು ಒಣಗಿಸಿದವನು ನಾನು, ಆ ಮುಲಾಜಿಲ್ಲದ ಮಾತೂ ಚನ್ನೂನದೇ ಎಂದು ಹೇಳಿದೆ. ಗಂಗಾ ಅಳುತ್ತಲೇ ಫೋನು ಹಿಡಿದಿದ್ದಳು. ಈಗ ಜನ ಬೈಯುತ್ತಿದ್ದಾರೆ. ಆನಂದಕುಮಾರ ಅವರು ಮೂರು ಸಲ ಫೋನು ಮಾಡಿದರು, ಎತ್ತಿದೆ, ಚೀಲದ ಮಾತು ಮುಗಿಯಿತು. ಮೇಲೆ ಹರಿದುಹಾಕು ಎಂದು ಬರೆದದ್ದನ್ನು ಕಾಟು ಹೊಡೆದಿಲ್ಲ. ಅದನ್ನೂ ಓದು, ನಿನ್ನ ಅಣ್ಣ ಮಧ್ಯಾಹ್ನದವರೆಗೂ ಎಂಥವನಿದ್ದ ಎಂದು ನಿನಗೆ ಗೊತ್ತಿರಲಿ.

ಅಪ್ಪನ ನಾಣ್ಯ ಈ ಕವರಿನಲ್ಲೇ ಐತಿ, ನಾಳೆ ರಿಜಿಸ್ಟರ್ ಮಾಡ್ತೀನಿ. ಇನ್ನ ಮ್ಯಾಲ ಅದು ನಿನ್ನ ಕೈಯಾಗ ಇರ್ಲಿ. ಆವತ್ತು ನಿನ್ನ ಒಂದ್ ಮಾತು ಕೇಳಲಿಲ್ಲ ಚನ್ನೂ. ಇವತ್ತು ಕೇಳಾಕತ್ತೀನಿ. ಬರ್ತೀಯೇನು?